ಮಲ್ಲೇಶ್ವರದ ಹಳೇ ಮನೆಗೆ ಸಿಮೆಂಟ್ ಬೇಡ

ಮೇಡಂ, ನೀವು ಹಾಕಿದ ಫೋಟೋಗಳನ್ನು ನೋಡಿದೆ. ನಿಮ್ಮ ತಾತ 1920ರ ಸುಮಾರಿಗೆ ಕಟ್ಟಿಸಿದ ಮನೆ. ಗೋಡೆಯ ಬುಡದಲ್ಲಿ ತೇವ, ಮಂಕಿ ಟಾಪ್ (ಕಿಟಕಿ ಮೇಲಿನ ಮರದ ಪಟ್ಟಿಗಳ ಮುಚ್ಚಿಗೆ) ಮರ ಅಲ್ಲಲ್ಲಿ ಲಡ್ಡಾಗಿದೆ. ಹಳೇ ಗಾರೆ ಕಿತ್ತು ಸಿಮೆಂಟ್ ಹಾಕೋಣ, ಹೆಂಚು ತೆಗೆದು ಆರ್‌ಸಿಸಿ (ಕಬ್ಬಿಣದ ಸರಳಿನ ಕಾಂಕ್ರೀಟ್) ತಾರಸಿ ಹಾಕೋಣ ಎಂದು ಕಂಟ್ರಾಕ್ಟರ್ ಹೇಳಿದ್ದಾರೆ. ದಯವಿಟ್ಟು ಎರಡಕ್ಕೂ ಒಪ್ಪಬೇಡಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳಿಗೆ ಬಂದರು. ಗಾಳಿ, ಬೆಳಕು ಬರಲಿ ಎಂದೇ ಮನೆ ಸುತ್ತ ಜಾಗ ಬಿಟ್ಟು ಕಟ್ಟಿದರು. ಎತ್ತರದ ಸೂರು, ಮೇಲೆ ವೆಂಟಿಲೇಟರ್, ಕಿಟಕಿಗೆ ನೆರಳು ಕೊಡುವ ಮಂಕಿ ಟಾಪ್, ಎಲ್ಲವೂ ಅದಕ್ಕೇ. ಮಂಕಿ ಟಾಪ್‌ಗೆ ಅಂದ ಇದೆ ನಿಜ, ಆದರೆ ಬಿಸಿಲು, ಎರಚಲು ತಡೆಯೋದೇ ಅದರ ಮುಖ್ಯ ಕೆಲಸ.

ಈಗ ತೇವದ ವಿಷಯ. ಇಟ್ಟಿಗೆ ನೆಲದಿಂದ ನೀರು ಎಳೆದುಕೊಳ್ಳುತ್ತೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಆರಲು ಬಿಡುತ್ತೆ. ಮೇಲೆ ಸಿಮೆಂಟ್ ಬಳಿದರೆ ನೀರಿಗೆ ದಾರಿ ಇಲ್ಲ. ಅದು ಇನ್ನೂ ಮೇಲೇರುತ್ತೆ, ಅದರಲ್ಲಿ ಕರಗಿದ ಉಪ್ಪು ಒಳಗೋಡೆಯಲ್ಲಿ ಪುಡಿಯಾಗಿ ಉದುರುತ್ತೆ. ಪ್ಲಾಸ್ಟಿಕ್ ಪೇಂಟ್ ಹೊಡೆದರೂ ಇದೇ ಕಥೆ.

ನಿಮ್ಮ ಎರಡನೇ ಫೋಟೋದಲ್ಲಿ ಕಾಂಪೌಂಡಿನ ನೆಲಕ್ಕೆ ಹಾಕಿದ ಕಾಂಕ್ರೀಟ್ ಮನೆಯ ಗೋಡೆಗೆ ತಾಗಿಯೇ ಇದೆ. ಮೊದಲು ಅದನ್ನು ಒಂದೆರಡು ಅಡಿ ಒಡೆಸಿ ಜಲ್ಲಿ ತುಂಬಿಸಿ. ಸೂರಿನ ನೀರು ಬುಡಕ್ಕೆ ಬೀಳದಂತೆ ಸೂರಿನಂಚಿನ ನೀರಿನ ದೋಣಿ ಸರಿ ಮಾಡಿಸಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಅರ್ಧ ತೇವ ಹೋಗುತ್ತೆ. ಆಮೇಲೆ ಕೆಟ್ಟ ಗಾರೆಯನ್ನು, ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಕೀಳಿಸಿ. ಒಂದು ಬೇಸಿಗೆ ಹಾಗೇ ಆರಲು ಬಿಡಿ. ನಂತರ ಒಂದು ಪಾಲು ನೆನೆಸಿದ ಸುಣ್ಣಕ್ಕೆ ಮೂರು ಪಾಲು ಮರಳು ಸೇರಿಸಿ, ತೆಳುವಾಗಿ ಪದರ ಪದರವಾಗಿ ಗಾರೆ ಹಾಕಿಸಿ. ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿ ಕಟ್ಟಿ. ಮೇಲೆ ಸುಣ್ಣವನ್ನೇ ಬಳಿಯಿರಿ.

ಮಂಕಿ ಟಾಪ್ ಪೂರ್ತಿ ತೆಗೆಯಬೇಕಿಲ್ಲ. ಸಾಮಾನ್ಯವಾಗಿ ಕೆಳತುದಿ ಮತ್ತು ಗೋಡೆಗೆ ಸೇರುವ ಜಾಗ ಮಾತ್ರ ಕೆಟ್ಟಿರುತ್ತೆ. ಬಿಚ್ಚುವ ಮುಂಚೆ ಪ್ರತಿ ಪಟ್ಟಿಗೂ ನಂಬರ್ ಬರೆದು ಫೋಟೋ ತೆಗೆಯಿರಿ. ಕೆಟ್ಟಷ್ಟನ್ನೇ ಕೊಯ್ದು ಒಳ್ಳೇ ತೇಗದ ತುಂಡು ಸೇರಿಸಲು ಹೇಳಿ.

ಹೆಂಚು ತೆಗೆಯುವಾಗ ಅಡಿಭಾಗ ನೋಡಿ, ಕಾರ್ಖಾನೆ ಹೆಸರು ಅಚ್ಚಾಗಿರುತ್ತೆ. ಮಂಗಳೂರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ 1865ರಲ್ಲೇ ಹೆಂಚಿನ ಕಾರ್ಖಾನೆ ಶುರು ಮಾಡಿತ್ತು. ಆಮೇಲೆ ಹಲವು ಬಂದವು, ಒಂದರ ಕೊಂಡಿ ಇನ್ನೊಂದಕ್ಕೆ ಸರಿಯಾಗಿ ಕೂರಲ್ಲ. ಆದ್ದರಿಂದ ಮಾದರಿ ಹಿಡಿದುಕೊಂಡೇ ಹಳೇ ಸಾಮಾನಿನ ಅಂಗಡಿಗೆ ಹೋಗಿ. ಸೋರುವುದು ಹೆಚ್ಚಾಗಿ ನಾಲ್ಕೈದು ಒಡೆದ ಹೆಂಚು, ಹೆಂಚು ಕೂರುವ ಮರದ ರೀಪು ಬಾಗಿದ್ದರಿಂದ. ಅದಕ್ಕೆ ಆರ್‌ಸಿಸಿ ಯಾಕೆ? ಸುಣ್ಣದ ಗಾರೆಯ ಗೋಡೆಗಳಿಗೆ ಅಷ್ಟು ಭಾರ ಹೊರಿಸೋದು ಅಪಾಯ.

ಕೆಂಪು ನೆಲವನ್ನಂತೂ ಸುಮ್ನೆ ಕೀಳಿಸಬೇಡಿ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಬೇಕಾದರೆ ಹಳೇ ಕಟ್ಟಡಗಳ ಸಂರಕ್ಷಣೆಗೆ ಕೆಲಸ ಮಾಡುವ ಸಂಸ್ಥೆ ಇಂಟಾಕ್‌ನ ಬೆಂಗಳೂರು ಘಟಕದಲ್ಲಿ ವಿಚಾರಿಸಿ. ಮೊದಲು ಹಿಂದಿನ ಒಂದು ಗೋಡೆ ಮಾಡಿಸಿ, ಒಂದು ಮಳೆಗಾಲ ನೋಡಿ, ಆಮೇಲೆ ಉಳಿದದ್ದು.