ಡ್ರೋಗಳಿಗೆ ಜೇಡವೋ ಚೇಳೋ?

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪಾತ್ರ ವಹಿಸಿ ಆಡುವ ಆಟದಲ್ಲಿ ಡ್ರೋ (ಅಂದರೆ ಕಪ್ಪು ಎಲ್ಫ್) ಪಾತ್ರ ಮಾಡಬೇಕು, ಅವರ ದೇವರು ಜೇಡವೋ ಚೇಳೋ ಎಂದು ಕೇಳಿದ್ದೀರಿ. ನೀವು ಓದಿದ್ದು ಬಹುಶಃ ಆ ಆಟದ ಎರಡು ಬೇರೆ ಕಾಲ್ಪನಿಕ ಲೋಕಗಳ ಮಾಹಿತಿ. ಅದಕ್ಕೇ ಡ್ರೋಗಳ ದೇವರು ಒಂದು ಕಡೆ ಜೇಡ, ಇನ್ನೊಂದು ಕಡೆ ಚೇಳು. ಎರಡೂ ಸರಿಯೇ.

ಮೊದಲು ನಿಮ್ಮ ಆಟ ಯಾವ ಲೋಕದಲ್ಲಿ ಅಂತ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಹತ್ತಿರ ಕೇಳಿ. ಎಬೆರಾನ್ ಆದರೆ ಕಥೆ ಸರಳ: ಬಂಡೆದ್ದ ಎಲ್ಫ್‌ಗಳನ್ನು ಬೇಟೆಯಾಡಲು ದೈತ್ಯರು ಡ್ರೋಗಳನ್ನು ಸೃಷ್ಟಿಸಿದರು. ಅವರಲ್ಲಿ ಹೆಚ್ಚಿನವರು ಕಾಡಿನ ಬುಡಕಟ್ಟುಗಳು, ವಲ್ಕೂರ್ ಎಂಬ ಚೇಳಿನ ದೇವರು.

ನೆಲದಡಿಯ ನಗರ, ಮನೆತನಗಳ ಜಗಳ ಬೇಕಿದ್ದರೆ ಫರ್ಗಾಟನ್ ರೆಲ್ಮ್ಸ್. ಅಲ್ಲಿ ಡ್ರೋಗಳ ದೇವತೆ ಲೋಲ್ತ್, ಅವಳೇ ಜೇಡ. ಎಲ್ಫ್‌ಗಳ ದೇವರಾದ ತನ್ನ ಗಂಡ ಕೊರೆಲನ್‌ಗೇ ದ್ರೋಹ ಬಗೆದು ಹೊರಬಿದ್ದವಳು. ಅವಳ ಹಿಂದೆ ಹೋದವರು ಅಂಡರ್‌ಡಾರ್ಕ್ ಎಂಬ ನೆಲದಡಿಯ ಲೋಕ ಸೇರಿದರು. ಅಲ್ಲಿನ ಡ್ರೋ ನಗರ ಮೆನ್ಜೊಬೆರಾನ್ಜನ್‌ನಲ್ಲಿ ಅಧಿಕಾರವೆಲ್ಲ ಹೆಂಗಸರ ಕೈಯಲ್ಲಿ. ಎಂಟು ದೊಡ್ಡ ಮನೆತನಗಳ ಒಡತಿಯರು ಸೇರಿ ನಗರ ಆಳುತ್ತಾರೆ. ಇನ್ನೊಂದು ಮನೆತನವನ್ನು ಮುಗಿಸುವುದು ಅಲ್ಲಿ ತಪ್ಪಲ್ಲ, ಸಾಕ್ಷಿ ಹೇಳಲು ಒಬ್ಬ ಉಳಿದರೆ ಮಾತ್ರ ತಪ್ಪು! ನಿಮ್ಮ ಪಾತ್ರ ಆ ಉಳಿದವನೇ ಆಗಬಹುದಲ್ವಾ?

ಆಮೇಲೆ ದೇವರನ್ನು ಆರಿಸಿ. ಒಳ್ಳೆಯ ಡ್ರೋ ಬೇಕೆಂದರೆ ಲೋಲ್ತ್‌ಳ ಮಗಳು ಐಲಿಸ್ಟ್ರೇ ಇದ್ದಾಳೆ, ಬೆಳದಿಂಗಳಲ್ಲಿ ಕುಣಿಯುವವಳು.

ಕೊನೆಗೆ ನಿಯಮ. ನಿಮ್ಮ ಹತ್ತಿರ ನಿಯಮಪುಸ್ತಕದ ಯಾವ ಆವೃತ್ತಿ ಇದೆಯೋ ಗೊತ್ತಾಗಲಿಲ್ಲ. 2014ರದ್ದಾದರೆ ಡ್ರೋಗಳಿಗೆ ಬಿಸಿಲಲ್ಲಿ ದಾಳಿ ಮಾಡಲು ತೊಂದರೆ ಇದೆ, 2024ರಲ್ಲಿ ಅದನ್ನು ತೆಗೆದಿದ್ದಾರೆ. ಕತ್ತಲಲ್ಲಿ 120 ಅಡಿ ಕಾಣುವುದು ಎರಡರಲ್ಲೂ ಇದೆ.