ನೇತ್ರಾಣಿ ಫೋಟೋಗಳು ನೀಲಿ ಬಂದಿದ್ದಕ್ಕೆ
ಕ್ಯಾಮೆರಾ ಕೆಟ್ಟಿರಲಾರದು. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ನೀರೊಳಗೆ ತೆಗೆದ ಮೀನುಗಳೆಲ್ಲ ನೀಲಿಯಾಗಿ ಬಂದಿವೆ ಅಂದಿರಲ್ಲ, ನೀರು ಮೊದಲು ನುಂಗೋದೇ ಕೆಂಪು ಬಣ್ಣವನ್ನ. 5-6 ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಪಾಲು ಹೋಗಿರುತ್ತದೆ. ಅಲ್ಲೇ 10 ಮೀಟರ್ ಆಳದಲ್ಲಿ ನನ್ನ ಕೈಗೆ ಕಟ್ಟಿದ್ದ ಕೆಂಪು ದಾರ ಕಪ್ಪಗೆ ಕಂಡಿತ್ತು. ಟಾರ್ಚ್ ಬೆಳಕು ಬಿಟ್ಟ ತಕ್ಷಣ ಕುಂಕುಮದ ಹಾಗೆ ಹೊಳೆಯಿತು!

ಮುಂದಿನ ವಾರ ಗೋವಾದ ಗ್ರ್ಯಾಂಡ್ ಐಲ್ಯಾಂಡ್ ಹತ್ತಿರ ಮುಳುಗಿದ ಹಡಗು ನೋಡಲು ಹೋಗುವ ಮೊದಲು, ಇಲ್ಲೇ ದಾವಣಗೆರೆಯ ಈಜುಕೊಳದಲ್ಲಿ ವೈಟ್ ಬ್ಯಾಲೆನ್ಸ್ (ಯಾವುದು ಬಿಳಿ ಅಂತ ಕ್ಯಾಮೆರಾಗೆ ಹೇಳಿಕೊಡುವ ಸೆಟ್ಟಿಂಗ್) ಸೆಟ್ ಮಾಡೋದನ್ನು ಕೈಗೆ ರೂಢಿ ಮಾಡಿಸಿ. ಸಮುದ್ರದಲ್ಲಿ ಕ್ಯಾಮೆರಾಗೆ ಬಿಳಿ ಸ್ಲೇಟ್ ತೋರಿಸಿ, ನೀವಿರುವ ಆಳದಲ್ಲೇ ಸೆಟ್ ಮಾಡಿ. ಆಳ ಬದಲಾದರೆ ಮತ್ತೆ ಮಾಡಬೇಕು. ಜೂಮ್ ಬೇಡ, ತೆಗೆಯೋದಕ್ಕೆ ಒಂದು ಮೀಟರ್‌ಗಿಂತ ಹತ್ತಿರ ಹೋಗಿ. ಟಾರ್ಚ್ ಓರೆಯಾಗಿ ಹಿಡಿಯಿರಿ, ನೇರ ಬಿಟ್ಟರೆ ನೀರಿನ ಕಸವೆಲ್ಲ ಬಿಳಿ ಚುಕ್ಕಿಯಾಗಿ ಬರುತ್ತದೆ. ಲೆನ್ಸ್ ಮುಂದೆ ಹಾಕುವ ಕೆಂಪು ಫಿಲ್ಟರ್ ನೀಲಿ ನೀರಿಗೆ ಸರಿ, ಹಸಿರು ನೀರಿಗೆ ಮೆಜೆಂಟಾ (ನೇರಳೆ-ಗುಲಾಬಿ) ಫಿಲ್ಟರ್. ಟಾರ್ಚ್ ಇದ್ದಾಗ ಎರಡೂ ಬೇಡ.

ಒಂದು ಎಚ್ಚರ. ಹತ್ತಿರ ಹೋಗುವ ಭರದಲ್ಲಿ ಹಡಗಿನ ಮೇಲೆ ಕೈ ಊರಬೇಡಿ. ಸ್ಕಾರ್ಪಿಯನ್ ಫಿಶ್ ಥೇಟ್ ಕಲ್ಲಿನ ಹಾಗೇ ಕೂತಿರುತ್ತದೆ, ಅದರ ಬೆನ್ನ ಮುಳ್ಳಲ್ಲಿ ವಿಷ ಇರುತ್ತದೆ.

ಹಳೇ ಫೋಟೋಗಳು ರಾ ಫೈಲ್ (ಕ್ಯಾಮೆರಾ ಸೆರೆಹಿಡಿದ ಮಾಹಿತಿ ಹಾಗೇ ಉಳಿದಿರುವ ಫೈಲ್) ಆಗಿದ್ದರೆ ಬಣ್ಣ ಸಾಕಷ್ಟು ವಾಪಸ್ ತರಬಹುದು. ಜೆಪೆಗ್ ಆದರೆ ಅಷ್ಟು ಭರವಸೆ ಕೊಡಲಾರೆ.