ಹಣದ ಮಾತು: ಪಿಜಿ ಓದುವಾಗ ಎಂಬಿಬಿಎಸ್ ಸಾಲದ ಕಂತು ಶುರುವಾದರೆ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ಪಿಜಿ, ಮೊದಲ ವರ್ಷ. ಎಂಬಿಬಿಎಸ್ ಓದಿದ್ದು ಖಾಸಗಿ ಕಾಲೇಜಿನಲ್ಲಿ. ಅಪ್ಪ ಊರಿನ ಮನೆ ಅಡ ಇಟ್ಟು ಬ್ಯಾಂಕಿನಲ್ಲಿ 16 ಲಕ್ಷ ಶಿಕ್ಷಣ ಸಾಲ ತೆಗೆದರು. ವರ್ಷಕ್ಕೆ 4 ಲಕ್ಷದಂತೆ ನಾಲ್ಕು ಸಲ ಬಂತು. ಬಡ್ಡಿ ಶೇ 10. ಹೌಸ್ ಸರ್ಜನ್ಸಿ (ಕೊನೆಯ ಆಸ್ಪತ್ರೆ ತರಬೇತಿ) ಮುಗಿಸಿ ಒಂದು ವರ್ಷ ನೀಟ್ ಪಿಜಿಗೆ ಓದಿದೆ. ಈಗ ಬ್ಯಾಂಕಿನ ಪತ್ರ ಬಂದಿದೆ. ಬಾಕಿ 24 ಲಕ್ಷ, ಅವಧಿ 15 ವರ್ಷ, ತಿಂಗಳಿಗೆ 25,790 ರೂಪಾಯಿ ಇಎಂಐ. ನನ್ನ ಸ್ಟೈಪೆಂಡ್ ಸುಮಾರು 56 ಸಾವಿರ. ಸೀನಿಯರ್‌ಗಳು 'ಪಿಜಿ ಮುಗಿಯೋವರೆಗೆ ಕಂತು ಮುಂದೂಡಿಸ್ಕೋ, ಆ ದುಡ್ಡು ಎಸ್‌ಐಪಿಗೆ ಹಾಕು' ಅಂತಾರೆ. 16 ಇದ್ದದ್ದು 24 ಹೇಗಾಯ್ತು ಅನ್ನೋದೇ ನನಗೆ ಗೊತ್ತಾಗ್ತಿಲ್ಲ. ಬ್ಯಾಂಕಿನಿಂದ ಫೋನ್ ಬಂದರೆ ಅಪ್ಪ ಎದ್ದು ಅಂಗಳಕ್ಕೆ ಹೋಗಿ ಮಾತಾಡ್ತಾರೆ. ನನಗೆ ಏನೂ ಹೇಳಲ್ಲ. ಏನು ಮಾಡಲಿ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ 24 ಲಕ್ಷದ ಲೆಕ್ಕ ನೋಡೋಣ ಡಾಕ್ಟ್ರಮ್ಮ. ಅದು ಅರ್ಥವಾದರೆ ಅರ್ಧ ಭಯ ಹೋಗುತ್ತದೆ.

ಶಿಕ್ಷಣ ಸಾಲದಲ್ಲಿ ಓದುವಷ್ಟು ಕಾಲ, ಮೇಲೆ ಒಂದು ವರ್ಷ, ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಈ ಅವಧಿಗೆ ಸರಳ ಬಡ್ಡಿ ಲೆಕ್ಕ ಹಾಕಿ, ಕೊನೆಗೆ ಅಸಲಿಗೆ ಸೇರಿಸುತ್ತಾರೆ. ಹೌಸ್ ಸರ್ಜನ್ಸಿ ಸೇರಿ ನಿಮ್ಮ ಓದು ಐದೂವರೆ ವರ್ಷ, ಜೊತೆಗೆ ಒಂದು ವರ್ಷ, ಒಟ್ಟು ಆರೂವರೆ. ಮೊದಲ 4 ಲಕ್ಷಕ್ಕೆ ಆರೂವರೆ ವರ್ಷದ ಬಡ್ಡಿ 2.6 ಲಕ್ಷ. ಎರಡನೆಯದಕ್ಕೆ 2.2, ಮೂರನೆಯದಕ್ಕೆ 1.8, ನಾಲ್ಕನೆಯದಕ್ಕೆ 1.4. ಕೂಡಿಸಿ: 8 ಲಕ್ಷ. ಬ್ಯಾಂಕಿನವರು ತಪ್ಪು ಮಾಡಿಲ್ಲ. ನಿಮಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ, ಅಷ್ಟೇ. ನಾನು ಹನ್ನೊಂದು ವರ್ಷ ಸಾಲದ ಮೇಜಿನಲ್ಲಿ ಕೂತವಳು. ಸಹಿ ಹಾಕಿಸುವ ದಿನ ಇದನ್ನು ಎಷ್ಟು ಮಕ್ಕಳಿಗೆ ಬಿಡಿಸಿ ಹೇಳಿದ್ದೆ ಎಂದು ಯೋಚಿಸಿದರೆ ಇವತ್ತಿಗೂ ಸಂಕಟವಾಗುತ್ತದೆ.

ಈಗ ಸೀನಿಯರ್‌ಗಳ ಸಲಹೆಗೆ ಬರೋಣ. ಮುಂದಿನ ಓದಿಗೆ ಸೇರಿದ್ದೇನೆ, ಕಂತು ಮುಂದೂಡಿ ಎಂದು ಬ್ಯಾಂಕನ್ನು ಕೇಳಬಹುದು ನಿಜ. ಕಾಲೇಜಿನ ಪ್ರವೇಶ ಪತ್ರ ಲಗತ್ತಿಸಿ ಅರ್ಜಿ ಕೊಡಬೇಕು, ಬ್ಯಾಂಕ್ ಒಪ್ಪಬೇಕು. ಒಪ್ಪಿತು ಅಂತಲೇ ಇಟ್ಟುಕೊಳ್ಳಿ. 24 ಲಕ್ಷಕ್ಕೆ ವರ್ಷಕ್ಕೆ 2.4 ಲಕ್ಷ ಬಡ್ಡಿ, ಮೂರು ವರ್ಷಕ್ಕೆ 7.2 ಲಕ್ಷ. ಎಂಡಿ ಮುಗಿಸಿ ಹೊರಗೆ ಬರುವ ದಿನ ನಿಮ್ಮ ಸಾಲ 31.2 ಲಕ್ಷ. ಅದೇ ಈಗಿನಿಂದ ಇಎಂಐ ಕಟ್ಟುತ್ತಾ ಹೋದರೆ ಅದೇ ದಿನ ಬಾಕಿ ಸುಮಾರು 21.6 ಲಕ್ಷ.

ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಣ ಹಾಕುವುದು, ಕೆಟ್ಟದ್ದಲ್ಲ. ಆದರೆ ಶೇರು ಪೇಟೆಗೆ ಮೂರು ವರ್ಷ ಏನೇನೂ ಸಾಲದು. ಅಲ್ಲಿ ಬರುವುದು ಬರಬಹುದು, ಬರದೇ ಇರಬಹುದು. ಇಲ್ಲಿ ಹೋಗುವ ಶೇ 10 ಮಾತ್ರ ಗ್ಯಾರಂಟಿ. ಅಪ್ಪನ ಮನೆಪತ್ರ ಬ್ಯಾಂಕಿನಲ್ಲಿರುವಾಗ ಆ ಆಟ ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ನಿಮ್ಮ 56 ಸಾವಿರವನ್ನು ಹೇಗೆ ಹಂಚೋದು? ಇಎಂಐಗೆ 25,790 ಹೋಯಿತು. ಹಾಸ್ಟೆಲ್, ಮೆಸ್ಸು, ಫೋನು, ಊರಿಗೆ ಓಡಾಟ ಎಂದು 14-15 ಸಾವಿರ ಇಡಿ. ಉಳಿದದ್ದರಲ್ಲಿ 10 ಸಾವಿರ ಆರ್‌ಡಿಗೆ, ಅಂದರೆ ಪ್ರತಿ ತಿಂಗಳು ಕಟ್ಟುವ ಬ್ಯಾಂಕ್ ಠೇವಣಿಗೆ. ಯಾಕೆಂದರೆ ಸ್ಟೈಪೆಂಡ್ ಹೇಳಿದ ದಿನಕ್ಕೆ ಬರುತ್ತದೆ ಅನ್ನುವ ಹಾಗಿಲ್ಲ. ಎರಡು ತಿಂಗಳದ್ದು ಒಟ್ಟಿಗೆ ಬರುವುದೂ ಉಂಟು. ಆದರೆ ಇಎಂಐ ದಿನ ಕಾಯುವುದಿಲ್ಲ. 90 ದಿನ ದಾಟಿ ಬಾಕಿ ಉಳಿದರೆ ಸಾಲ ಎನ್‌ಪಿಎ ಆಗುತ್ತದೆ, ಅಂದರೆ ಬ್ಯಾಂಕ್ ಅದನ್ನು ಕೆಟ್ಟ ಸಾಲದ ಲೆಕ್ಕಕ್ಕೆ ಹಾಕುತ್ತದೆ. ಆಗ ನಿಮ್ಮದಷ್ಟೇ ಅಲ್ಲ, ಜಂಟಿ ಸಾಲಗಾರರಾದ ಅಪ್ಪನ ಸಿಬಿಲ್ ಸ್ಕೋರೂ (ಸಾಲ ತೀರಿಸುವ ನಡತೆಗೆ ಕೊಡುವ ಅಂಕ) ಬೀಳುತ್ತದೆ. ಮೂರು ಇಎಂಐ, ಅಂದರೆ ಸುಮಾರು 77 ಸಾವಿರ, ಬೇರೆ ಖಾತೆಯಲ್ಲಿ ಕೂಡುವವರೆಗೆ ಹೊಸ ಫೋನು, ಸ್ಕೂಟರು ಯಾವುದೂ ಬೇಡ. ತಿಂಗಳಿಗೆ ಹತ್ತರಂತೆ ಎಂಟು ತಿಂಗಳಲ್ಲಿ ಆಗುತ್ತದೆ.

ನನ್ನ ಮಗ ಅನಸ್ತೇಷಿಯಾ ಪಿಜಿ ಮಾಡುತ್ತಿದ್ದಾಗ ಒಂದು ಭಾನುವಾರ ಮನೆಗೆ ಬಂದ. ಏಪ್ರನ್ ಜೇಬಿನಿಂದ ಮುದುಡಿದ ಎಟಿಎಂ ಚೀಟಿಗಳು, ಆಸ್ಪತ್ರೆ ಕ್ಯಾಂಟೀನಿನ ಬಿಲ್ಲುಗಳು ಒಂದು ಹಿಡಿ ಉದುರಿದವು. ಬಟ್ಟೆ ಒಗೆಯಲು ಹಾಕುವ ಮುಂಚೆ ಅವನ್ನೆಲ್ಲ ಊಟದ ಮೇಜಿನ ಮೇಲೆ ಬಿಡಿಸಿಟ್ಟು ಕೂಡಿಸಿದೆ. ರಾತ್ರಿ ಡ್ಯೂಟಿಯಲ್ಲಿ ತರಿಸಿಕೊಂಡ ಊಟ, ಚಹಾ, ಆಟೋ ಸೇರಿ ಒಂದೇ ತಿಂಗಳಿಗೆ 9 ಸಾವಿರ ದಾಟಿತ್ತು. ಅವನನ್ನು ಬೈಯಲಿಲ್ಲ. ಮೂವತ್ತಾರು ಗಂಟೆ ನಿಂತ ಹುಡುಗ ಹಸಿವಾದಾಗ ಲೆಕ್ಕ ಹಾಕುತ್ತಾನಾ? ಅದಕ್ಕೇ ನಾನು ಹೇಳುವುದು: ಸ್ಟೈಪೆಂಡ್ ಬಿದ್ದ ಮಾರನೇ ದಿನವೇ ಇಎಂಐ ಮತ್ತು ಆರ್‌ಡಿ ತಾನಾಗಿ ಕಡಿತವಾಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಉಳಿದದ್ದನ್ನು ನಿಶ್ಚಿಂತೆಯಿಂದ ತಿನ್ನಿ. ಕ್ರೆಡಿಟ್ ಕಾರ್ಡ್ ಇದ್ದರೆ ಪೂರ್ತಿ ಬಿಲ್ಲು ಕಟ್ಟಿ. 'ಮಿನಿಮಮ್ ಡ್ಯೂ', ಅಂದರೆ ಬಿಲ್ಲಿನ ಕನಿಷ್ಠ ಮೊತ್ತ ಮಾತ್ರ, ಕಟ್ಟಿ ಉಳಿಸಿಕೊಂಡ ಬಾಕಿಗೆ ವರ್ಷಕ್ಕೆ ಶೇ 40ರ ಆಸುಪಾಸು ಬಡ್ಡಿ ಬೀಳುವುದು ಮಾಮೂಲು.

ಎರಡನೇ ವರ್ಷಕ್ಕೆ ಸ್ಟೈಪೆಂಡ್ ಏರುತ್ತದೆ. ಏರಿದ ಭಾಗವನ್ನು ಸಾಲದ ಖಾತೆಗೇ ಹಾಕಿ. ಬದಲಾಗುವ ಬಡ್ಡಿದರದ ಸಾಲವಾದರೆ ಮುಂಚಿತವಾಗಿ ಕಟ್ಟಿದ್ದಕ್ಕೆ ದಂಡ ಇಲ್ಲ. ಹಾಕುವಾಗ 'ಇಎಂಐ ಹಾಗೇ ಇರಲಿ, ಅವಧಿ ಕಡಿಮೆ ಮಾಡಿ' ಎಂದು ಬರೆದುಕೊಡಿ. 15 ವರ್ಷ ಪೂರ್ತಿ ಎಳೆದರೆ ನೀವು ಕಟ್ಟುವುದು ಒಟ್ಟು 46.4 ಲಕ್ಷ. 10 ವರ್ಷಕ್ಕೆ ಇಳಿಸಿದರೆ ಇಎಂಐ 31,700 ಆಗುತ್ತದೆ, ಆದರೆ ಒಟ್ಟು 38 ಲಕ್ಷಕ್ಕೆ ಮುಗಿಯುತ್ತದೆ. ಎಂಡಿ ಆಗಿ ಕೆಲಸಕ್ಕೆ ಸೇರಿದ ಮೇಲೆ ಅದು ನಿಮಗೆ ಭಾರವಾಗದು.

ಇನ್ನು ಅಪ್ಪ. ಇದೇ ನನ್ನನ್ನು ಜಾಸ್ತಿ ಕಾಡಿದ್ದು. ದಾವಣಗೆರೆ ಶಾಖೆಯಲ್ಲಿ ಒಬ್ಬ ತಂದೆ ಬರುತ್ತಿದ್ದರು. ಪಾಸ್‌ಬುಕ್ಕನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದುಕೊಂಡಿರುತ್ತಿದ್ದರು. ಪ್ರತಿ ಸಲ ಅದೇ ಮಾತು: 'ಮಗನಿಗೆ ಫೋನ್ ಮಾಡಬೇಡ್ರಿ ಮೇಡಂ, ಓದ್ತಾ ಇದ್ದಾನೆ, ನನಗೇ ಮಾಡ್ರಿ.' ಅವರ ಮಗನಿಗೆ ಬಾಕಿ ಎಷ್ಟಿದೆ ಎಂದೇ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಅಪ್ಪ ಕೈಸಾಲ ಮಾಡಿ ಬಡ್ಡಿ ಕಟ್ಟುತ್ತಿದ್ದರು, ಶೇ 10ರ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ ತಂದು. ನಿಮ್ಮ ಮನೆಯಲ್ಲಿ ಹಾಗಾಗಿದೆ ಎನ್ನುತ್ತಿಲ್ಲ. ಆದರೆ ಕೇಳಿ. ಮುಂದಿನ ರಜೆಯಲ್ಲಿ ಅಪ್ಪನನ್ನು ಕರೆದುಕೊಂಡು ಶಾಖೆಗೆ ಹೋಗಿ. ಮ್ಯಾನೇಜರ್ ಎದುರು ಇಬ್ಬರೂ ಕೂತು ಸಾಲದ ಸ್ಟೇಟ್‌ಮೆಂಟ್ ತೆಗೆಸಿ. ನಿಮ್ಮ ಮೊಬೈಲ್ ನಂಬರ್ ಕೊಟ್ಟು 'ಇನ್ನು ಮೇಲೆ ನನಗೇ ಫೋನ್ ಮಾಡಿ' ಎಂದು ಅಪ್ಪನ ಮುಂದೆಯೇ ಹೇಳಿ. ಹೊರಗೆ ಅಂಗಳಕ್ಕೆ ಎದ್ದು ಹೋಗುವ ಫೋನು ಆವತ್ತಿಗೆ ನಿಲ್ಲುತ್ತದೆ.

ಇದೇ ಪುಟವನ್ನು ಓದುವ, ಈಗಷ್ಟೇ ಮಕ್ಕಳನ್ನು ಎಂಬಿಬಿಎಸ್‌ಗೆ ಸೇರಿಸಿದ ತಂದೆತಾಯಿಗೆ ಒಂದು ಮಾತು. ಮೊದಲ ವರ್ಷದ 4 ಲಕ್ಷಕ್ಕೆ ತಿಂಗಳ ಬಡ್ಡಿ 3,333 ರೂಪಾಯಿ. ಸಾಧ್ಯವಾದರೆ ಅದನ್ನು ಆಗಿಂದಾಗ ಕಟ್ಟುತ್ತಾ ಬನ್ನಿ. ಹಾಗೆ ಕಟ್ಟುವವರಿಗೆ ಹಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ 1 ರಿಯಾಯಿತಿ ಕೊಡುತ್ತವೆ. ಕೇಳಿ ಪಡೆಯಿರಿ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಸೇರಿದ, ಮನೆಯ ವರಮಾನ 8 ಲಕ್ಷದೊಳಗಿರುವ ಮಕ್ಕಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ಸಹಾಯಧನವೂ ಇದೆ. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯಾ ನೋಡಿ.

ಪ್ರಶ್ನೆ: ನಾನು ಹೌಸ್ ಸರ್ಜನ್. ಪರಿಚಯದ ಏಜೆಂಟ್ ಅಂಕಲ್ ಡ್ಯೂಟಿ ರೂಮಿಗೇ ಬಂದು 20 ವರ್ಷದ ಪಾಲಿಸಿಗೆ ಸಹಿ ಹಾಕಿಸಿಕೊಂಡರು. ವರ್ಷಕ್ಕೆ 50 ಸಾವಿರ ಪ್ರೀಮಿಯಂ. ಪಾಲಿಸಿ ಬಾಂಡ್ ಬಂದು 12 ದಿನ ಆಯಿತು. ನನಗೂ 9 ಲಕ್ಷ ಸಾಲ ಇದೆ.
— ಮೈಸೂರು

ಉತ್ತರ: ವಾಪಸ್ ಕೊಡಿ, ಇದೇ ವಾರ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಎಂದು ಹಿಂತಿರುಗಿಸುವ ಹಕ್ಕು ನಿಮಗಿದೆ. ಸ್ವಲ್ಪ ಖರ್ಚು ಮುರಿದುಕೊಂಡು ಹಣ ಮರಳಿಸುತ್ತಾರೆ. ಕಂಪನಿಯ ಶಾಖೆಗೆ ನೀವೇ ಹೋಗಿ ಪತ್ರ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಏಜೆಂಟರ ಕೈಯಲ್ಲಿ ಕಳಿಸಬೇಡಿ. ಅಂಕಲ್‌ಗೆ ಬೇಜಾರಾಗುತ್ತದೆ, ಆಗಲಿ. ಸಾಲ ಇರುವವರಿಗೆ ವಿಮೆ ಬೇಕೇ ಬೇಕು, ಆದರೆ ಬರೀ ಟರ್ಮ್ ಇನ್ಶೂರೆನ್ಸ್, ಅಂದರೆ ಸತ್ತರೆ ಮಾತ್ರ ಹಣ ಬರುವ ವಿಮೆ, ಸಾಕು. ನಿಮಗೇನಾದರೂ ಆದರೆ ಸಾಲ ಅಪ್ಪ-ಅಮ್ಮನ ತಲೆಗೆ ಬರಬಾರದು, ಅಷ್ಟಕ್ಕೆ. ಹಾವೇರಿಯ ಡಾಕ್ಟ್ರಮ್ಮನಿಗೂ ಇದೇ ಮಾತು.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಪಿಜಿ ಸ್ಟೈಪೆಂಡಿನಲ್ಲಿ ಶೇ 10 ಟಿಡಿಎಸ್ (ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡೀತಾರೆ. ಅದು ಹೋದ ಹಾಗೇನಾ? ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಂತೆ?
— ಕಲಬುರಗಿ

ಉತ್ತರ: ಹೋಗಿಲ್ಲ. ನಿಮ್ಮ ಪ್ಯಾನ್ ನಂಬರಿನಲ್ಲಿ ಜಮೆಯಾಗಿರುತ್ತದೆ. ಆದಾಯ ತೆರಿಗೆ ವೆಬ್‌ಸೈಟಿನಲ್ಲಿ 26ಎಎಸ್, ಅಂದರೆ ನಿಮ್ಮಿಂದ ಹಿಡಿದ ತೆರಿಗೆಯ ಪಟ್ಟಿ, ತೆಗೆದು ನೋಡಿ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ವರಮಾನಕ್ಕೆ ತೆರಿಗೆ ಇಲ್ಲ. ನಿಮ್ಮ ವರ್ಷದ ಸ್ಟೈಪೆಂಡ್ ಅದರೊಳಗೇ ಇರುತ್ತದೆ. ರಿಟರ್ನ್ ಹಾಕಿದರೆ ಹಿಡಿದದ್ದು ವಾಪಸ್. ಹಾಕದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಬಡ್ಡಿಯ ವಿನಾಯಿತಿ, ಎಲ್ಲರೂ 80ಇ ಎನ್ನುವುದು, ಹಳೇ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. ಅದೂ ಬಡ್ಡಿಗೆ ಮಾತ್ರ, ಅಸಲಿಗಲ್ಲ. ಕಟ್ಟಲು ಶುರು ಮಾಡಿದ ವರ್ಷದಿಂದ ಒಟ್ಟು 8 ವರ್ಷ. ಅದಕ್ಕೇ ಕೆಲವರು 'ಪಿಜಿಯಲ್ಲಿ ಕಟ್ಟಬೇಡ, ವಿನಾಯಿತಿಯ ವರ್ಷ ಸುಮ್ನೆ ಹಾಳು' ಎನ್ನುತ್ತಾರೆ. ಕೇಳಬೇಡಿ. 1 ಲಕ್ಷ ಬಡ್ಡಿ ಕಟ್ಟಿದರೆ ಶೇ 30ರ ಸ್ಲ್ಯಾಬಿನವರಿಗೂ ಉಳಿಯುವುದು ಸುಮಾರು 31 ಸಾವಿರ, ಮಿಕ್ಕ 69 ಸಾವಿರ ಕೈಯಿಂದಲೇ ಹೋಗುತ್ತದೆ. ರೀಫಂಡ್ ಬಂದ ದಿನ ಅದನ್ನು ಸೀದಾ ಸಾಲದ ಖಾತೆಗೆ ಹಾಕಿಬಿಡಿ.